ಅಂಟಾರ್ಕ್ಟಿಕಾದ ಬೆಟ್ಟಗಳಿಗೆ ಹೆಸರಿಡುವವರು ಯಾರು?

ಊರುಗಳಾಗಲಿ ಮೂಲನಿವಾಸಿಗಳಾಗಲಿ ಇಲ್ಲದ ಅಂಟಾರ್ಕ್ಟಿಕಾದಲ್ಲಿ ಬೆಟ್ಟಗಳಿಗೆ ಇಷ್ಟೊಂದು ಹೆಸರುಗಳು ಎಲ್ಲಿಂದ ಬಂದವು, ಅವುಗಳನ್ನು ತೀರ್ಮಾನಿಸುವ ಅಧಿಕಾರ ಯಾರಿಗಿದೆ, ಭಾರತೀಯರ ಹೆಸರೇನಾದರೂ ಇದೆಯೇ ಎಂದು ಕೇಳಿದ್ದೀರಿ. ನಾನು ಬಹುಕಾಲ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಮೋಜಣಿ ಕಲಿಸಿದವನು. ಅಂಟಾರ್ಕ್ಟಿಕಾಕ್ಕೆ ಹೋಗಿಲ್ಲ, ಆದರೆ ಆ ಖಂಡದ ನಕ್ಷೆಗಳನ್ನು ವರ್ಷಗಳಿಂದ ಓದುತ್ತ ಬಂದಿದ್ದೇನೆ. ಹೆಸರಿಡುವ ಕೆಲಸ ಅಷ್ಟು ಕಷ್ಟದ್ದಲ್ಲ. ಆ ಹೆಸರು ಯಾವ ಬೆಟ್ಟಕ್ಕೆ ಸೇರಿದ್ದೆಂದು ಖಚಿತವಾಗಿ ತೋರಿಸುವುದೇ ಅಲ್ಲಿನ ನಿಜವಾದ ಕಷ್ಟ ಎಂಬುದು ನನ್ನ ತಿಳಿವಳಿಕೆ.

ಅಂಟಾರ್ಕ್ಟಿಕಾದಲ್ಲಿ ಭಾರತದ 'ಮೈತ್ರಿ' ಸಂಶೋಧನಾ ಕೇಂದ್ರವಿರುವ ಜಾಗವನ್ನೇ ನೋಡಿ. ಅದರ ಹೆಸರು ಶಿರ್ಮಾಕರ್ ಓಯಸಿಸ್. 1938–39ರಲ್ಲಿ ಜರ್ಮನಿಯ 'ಶ್ವಾಬನ್‌ಲಾಂಟ್' ಎಂಬ ಹಡಗು ಎರಡು ಡಾರ್ನಿಯರ್ ಸಮುದ್ರ ವಿಮಾನಗಳನ್ನು ಹೊತ್ತು ಅಲ್ಲಿಗೆ ಹೋಗಿತ್ತು. ಅವುಗಳಲ್ಲೊಂದರ ಪೈಲಟ್ ಆಗಿದ್ದ ಶಿರ್ಮಾಕರ್ ಹೆಸರೇ ಆ ಹಿಮರಹಿತ ಗುಡ್ಡಗಳಿಗೆ ಉಳಿಯಿತು. ಅಲ್ಲಿಂದ ದಕ್ಷಿಣಕ್ಕೆ ವೋಲ್ಟಾಟ್ ಪರ್ವತಗಳಿವೆ. ಅವುಗಳ ಒಂದು ಭಾಗಕ್ಕೆ ಗ್ರೂಬರ್ ಪರ್ವತಗಳೆಂದು ಹೆಸರು. ಓಟೊ ಫಾನ್ ಗ್ರೂಬರ್ ಎಂಬವರು ಆ ವಿಮಾನಗಳು ತೆಗೆದ ಛಾಯಾಚಿತ್ರಗಳನ್ನು ಮುಂದಿಟ್ಟುಕೊಂಡು ನಕ್ಷೆ ರಚಿಸಿದವರು. ನಕ್ಷೆ ಬರೆದವನ ಹೆಸರನ್ನೇ ಬೆಟ್ಟಕ್ಕೆ ಇಟ್ಟದ್ದು ನನಗೆ ಬಹಳ ಸಂತೋಷ ಕೊಡುವ ಸಂಗತಿ, ಏಕೆಂದರೆ ನಮ್ಮ ಕಸುಬಿನವರ ಹೆಸರು ಸಾಮಾನ್ಯವಾಗಿ ನಕ್ಷೆಯ ಅಂಚಿನಲ್ಲಿಯೂ ಇರುವುದಿಲ್ಲ.

ಆದರೆ ಆ ನಕ್ಷೆಯಲ್ಲಿ ಒಂದು ಮೂಲಭೂತ ಕೊರತೆಯಿತ್ತು. ವಿಮಾನದಿಂದ ತೆಗೆದ ಚಿತ್ರ ತಾನಾಗಿಯೇ ನಕ್ಷೆಯಾಗುವುದಿಲ್ಲ. ಚಿತ್ರದಲ್ಲಿ ಕಾಣುವ ಕೆಲವು ಬಿಂದುಗಳ ಅಕ್ಷಾಂಶ, ರೇಖಾಂಶ ಮತ್ತು ಎತ್ತರಗಳನ್ನು ನೆಲದ ಮೇಲೆ ನಿಂತು ಅಳೆದಿರಬೇಕು. ನಮ್ಮಲ್ಲಿಯಾದರೆ ದೇವಸ್ಥಾನದ ಗೋಪುರ, ಕೆರೆಯ ಏರಿ, ಎರಡು ರಸ್ತೆ ಕೂಡುವ ಜಾಗ, ಇಂಥವು ಚಿತ್ರವನ್ನು ನೆಲಕ್ಕೆ ಕಟ್ಟಿಹಾಕಲು ಒದಗುತ್ತವೆ. ಅಲ್ಲಿ ಇರುವುದು ಹಿಮ ಮತ್ತು ಬಂಡೆ ಮಾತ್ರ. ಜರ್ಮನ್ನರು ಸಾವಿರಾರು ಚಿತ್ರಗಳನ್ನು ತೆಗೆದರೂ ನೆಲದ ಅಳತೆ ಇಲ್ಲದ ಕಾರಣ ಅವರ ನಕ್ಷೆಯಲ್ಲಿನ ಅನೇಕ ಬೆಟ್ಟಗಳನ್ನು ಮುಂದೆ ನೆಲದ ಮೇಲೆ ಗುರುತಿಸುವುದೇ ಕಷ್ಟವಾಯಿತು. 1956–60ರ ನಾರ್ವೆ ತಂಡ ಹೊಸದಾಗಿ ಮೋಜಣಿ ಮತ್ತು ಛಾಯಾಚಿತ್ರಣ ನಡೆಸಿದ ನಂತರವೇ ಆ ಪ್ರದೇಶಕ್ಕೆ ನಂಬಬಹುದಾದ ನಕ್ಷೆ ಬಂದಿತು. ಸೋವಿಯತ್ ತಂಡಗಳೂ ಅದೇ ಕಾಲದಲ್ಲಿ ಅಲ್ಲಿ ಅಳೆದು, ತಮ್ಮ ಭಾಷೆಯಲ್ಲಿ ಹೆಸರುಗಳನ್ನಿಟ್ಟವು.

ಆಕಾಶದಿಂದ ನೋಡಿದ್ದನ್ನು ತಪ್ಪಾಗಿ ಓದಿದ ಇನ್ನೂ ದೊಡ್ಡ ಪ್ರಸಂಗ ಅಂಟಾರ್ಕ್ಟಿಕ್ ಪರ್ಯಾಯದ್ವೀಪದ್ದು. 1928ರಲ್ಲಿ ಹ್ಯೂಬರ್ಟ್ ವಿಲ್ಕಿನ್ಸ್ ಅದರ ಮೇಲೆ ಹಾರಿದಾಗ ಅಡ್ಡಲಾಗಿ ಬಿದ್ದಿದ್ದ ಹಿಮನದಿಗಳನ್ನು ಹೆಪ್ಪುಗಟ್ಟಿದ ಜಲಸಂಧಿಗಳೆಂದು ಭಾವಿಸಿ, ಆ ಭೂಭಾಗವನ್ನು ದ್ವೀಪಗಳ ಸಾಲೆಂದು ವರದಿ ಮಾಡಿದರು; ಇಲ್ಲದ ಜಲಸಂಧಿಗಳಿಗೆ ಹೆಸರುಗಳೂ ಬಂದವು. 1934–37ರಲ್ಲಿ ಜಾನ್ ರೈಮಿಲ್ ನೇತೃತ್ವದ ಬ್ರಿಟಿಷ್ ತಂಡ ನಾಯಿಗಳೆಳೆಯುವ ಜಾರುಬಂಡಿಗಳಲ್ಲಿ ಓಡಾಡಿ ನೋಡಿದಾಗ ಅದು ಖಂಡಕ್ಕೆ ಅಂಟಿಕೊಂಡ ಒಂದೇ ನೆಲವೆಂದು ತಿಳಿಯಿತು. ವಿಲ್ಕಿನ್ಸ್ ಅವರನ್ನು ನಾನು ದೂರುವುದಿಲ್ಲ. ಬಿಳಿಯ ಮೇಲೆ ಬಿಳಿ ಇರುವಲ್ಲಿ ಏರು ಯಾವುದು, ತಗ್ಗು ಯಾವುದು ಎಂದು ಎಂಥ ಅನುಭವಿಯ ಕಣ್ಣೂ ಮೋಸಹೋಗುತ್ತದೆ.

ಇನ್ನು ಅಧಿಕಾರದ ವಿಚಾರ. 1959ರಲ್ಲಿ ಸಹಿಯಾದ ಅಂಟಾರ್ಕ್ಟಿಕ್ ಒಪ್ಪಂದವು ಏಳು ದೇಶಗಳ ಭೂಹಕ್ಕಿನ ವಾದಗಳನ್ನು ಒಪ್ಪಲೂ ಇಲ್ಲ, ತಳ್ಳಿಹಾಕಲೂ ಇಲ್ಲ. ಆದ್ದರಿಂದ ಇಡೀ ಖಂಡಕ್ಕೆ ಅನ್ವಯವಾಗುವ ನಾಮಕರಣ ಅಧಿಕಾರಿ ಇಲ್ಲ. ಬ್ರಿಟನ್, ಅಮೆರಿಕ, ನ್ಯೂಜಿಲೆಂಡ್, ಬಲ್ಗೇರಿಯಾ ಮುಂತಾದ ದೇಶಗಳಿಗೆ ತಮ್ಮತಮ್ಮ ಸಮಿತಿಗಳಿವೆ. ಅಮೆರಿಕದ ಸಮಿತಿಯ ನಿಯಮಗಳ ಪ್ರಕಾರ ನೆಂಟಸ್ತನ, ಸ್ನೇಹಗಳ ಕಾರಣಕ್ಕೆ ಹೆಸರಿಡುವಂತಿಲ್ಲ. ಮಾರಾಟದ ಸರಕುಗಳ ಹೆಸರಾಗಲಿ ಸಾಕುಪ್ರಾಣಿಗಳ ಹೆಸರಾಗಲಿ ನಡೆಯುವುದಿಲ್ಲ. ಇದು ಒಳ್ಳೆಯ ನಿಯಮವೆಂದೇ ನನ್ನ ಅಭಿಪ್ರಾಯ. ಅಂಟಾರ್ಕ್ಟಿಕ್ ಸಂಶೋಧನೆಯ ಅಂತರರಾಷ್ಟ್ರೀಯ ವೈಜ್ಞಾನಿಕ ಸಮಿತಿಯಾದ ಸ್ಕಾರ್, ಎಲ್ಲ ದೇಶಗಳ ಹೆಸರುಗಳನ್ನು ಒಂದೇ ಕೋಶದಲ್ಲಿ ಕಲೆಹಾಕುತ್ತದೆ, ಆದರೆ ಇದು ಸರಿ, ಅದು ತಪ್ಪು ಎಂದು ತೀರ್ಪು ಕೊಡುವುದಿಲ್ಲ. ಒಂದೇ ಬೆಟ್ಟಕ್ಕೆ ಎರಡು ಮೂರು ಹೆಸರುಗಳಿರುವುದು ಹೀಗಾಗಿ. ಮೇಲೆ ಹೇಳಿದ ಪರ್ಯಾಯದ್ವೀಪವನ್ನು ಬ್ರಿಟಿಷರು ಗ್ರಹಾಂ ಲ್ಯಾಂಡ್ ಎಂದೂ ಅಮೆರಿಕನ್ನರು ಪಾಮರ್ ಎಂಬ ಹೆಸರಿನಿಂದಲೂ ಕರೆಯುತ್ತಿದ್ದರು. 1964ರಲ್ಲಿ ಎರಡೂ ದೇಶಗಳು ಕೂಡಿ ಒಟ್ಟು ಭಾಗಕ್ಕೆ ಅಂಟಾರ್ಕ್ಟಿಕ್ ಪರ್ಯಾಯದ್ವೀಪವೆಂದೂ, ಉತ್ತರಾರ್ಧಕ್ಕೆ ಗ್ರಹಾಂ, ದಕ್ಷಿಣಾರ್ಧಕ್ಕೆ ಪಾಮರ್ ಎಂದೂ ಒಪ್ಪಿಕೊಂಡವು.

ನಕ್ಷೆಯ ಕೆಲಸ ಮುಗಿದುಹೋಗಿದೆ ಎಂದು ತಿಳಿಯಬೇಡಿ. ಖಂಡದಲ್ಲೇ ಎತ್ತರವಾದ ವಿನ್ಸನ್ ಶಿಖರವನ್ನು ಬಹುಕಾಲ 5,140 ಮೀಟರ್ ಎಂದು ಬರೆಯುತ್ತಿದ್ದರು. ಪರ್ವತಾರೋಹಿಗಳು ಜಿಪಿಎಸ್ ಉಪಕರಣವನ್ನು ತುದಿಗೆ ಹೊತ್ತೊಯ್ದು ಅಳೆದ ಮೇಲೆ ಅದು 4,892 ಮೀಟರಿಗೆ ಇಳಿಯಿತು. ಇದಕ್ಕೆ ವಿರುದ್ಧವಾಗಿ, ಪರ್ಯಾಯದ್ವೀಪದ ಮೌಂಟ್ ಹೋಪ್ 2017ರಲ್ಲಿ ಹಳೆಯ ಲೆಕ್ಕಕ್ಕಿಂತ 377 ಮೀಟರ್ ಎತ್ತರವೆಂದು, ಅಂದರೆ 3,239 ಮೀಟರ್ ಎಂದು ಉಪಗ್ರಹ ಮಾಪನದಿಂದ ಗೊತ್ತಾಯಿತು. ಆ ಅಳತೆಯನ್ನು ಕೈಗೊಂಡದ್ದು ಅಲ್ಲಿ ಹಾರುವ ಪೈಲಟ್‌ಗಳ ಸುರಕ್ಷತೆಗಾಗಿ. ನಕ್ಷೆಯಲ್ಲಿ ಗಿಡ್ಡವಾಗಿರುವ ಬೆಟ್ಟ ಮೋಡದೊಳಗೆ ಎಷ್ಟು ಅಪಾಯಕಾರಿ ಎಂದು ವಿವರಿಸಬೇಕಾಗಿಲ್ಲ.

ಭಾರತೀಯರ ಹೆಸರು ಖಂಡಿತ ಇದೆ. ಮೇರಿ ಬರ್ಡ್ ಲ್ಯಾಂಡ್ ಎಂಬ ಪ್ರದೇಶದಲ್ಲಿ ಸುಮಾರು 990 ಮೀಟರ್ ಎತ್ತರದ ಮೌಂಟ್ ಸಿನ್ಹಾ ಇದೆ. 1970ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಹಿಮಭಂಜಕ ಹಡಗುಗಳಿಂದ ಅಲ್ಲಿನ ಸೀಲ್, ತಿಮಿಂಗಿಲ ಮತ್ತು ಪಕ್ಷಿಗಳನ್ನು ಅಧ್ಯಯನ ಮಾಡಿದ ಭಾರತ ಮೂಲದ ಜೀವವಿಜ್ಞಾನಿ ಅಖೌರಿ ಸಿನ್ಹಾ ಅವರ ಗೌರವಾರ್ಥ ಅಮೆರಿಕದ ಸಮಿತಿ ಆ ಹೆಸರನ್ನಿಟ್ಟಿತು. ಮೈತ್ರಿಯ ಪಕ್ಕದಲ್ಲಿರುವ, ಕೇಂದ್ರಕ್ಕೆ ನೀರು ಒದಗಿಸುವ ಸರೋವರಕ್ಕೆ ನಮ್ಮವರೇ ಪ್ರಿಯದರ್ಶಿನಿ ಎಂದು ಹೆಸರಿಟ್ಟಿದ್ದಾರೆ. ಸ್ಕಾರ್ ಕೋಶ ಅಂತರಜಾಲದಲ್ಲಿ ಎಲ್ಲರಿಗೂ ಮುಕ್ತವಾಗಿದೆ. ಅದರಲ್ಲಿ ಹುಡುಕುವಾಗ ಹೆಸರಿನ ಜೊತೆಗೆ ಅಕ್ಷಾಂಶ, ರೇಖಾಂಶಗಳನ್ನೂ ಬರೆದಿಟ್ಟುಕೊಳ್ಳಿ, ಏಕೆಂದರೆ ಮೌಂಟ್ ಹೋಪ್ ಎಂಬ ಹೆಸರಿನ ಬೆಟ್ಟವೇ ಅಂಟಾರ್ಕ್ಟಿಕಾದಲ್ಲಿ ಒಂದಕ್ಕಿಂತ ಹೆಚ್ಚು ಕಡೆ ಇದೆ.