ಊದಲ್ಲ ಅಂತ ಹಟ ಹಿಡಿದರೆ ಡಿಡಿ (ಡ್ರಂಕ್ ಅಂಡ್ ಡ್ರೈವ್, ಅಂದರೆ ಕುಡಿದು ಗಾಡಿ ಓಡಿಸಿದ) ಕೇಸಿನಿಂದ ಪಾರಾಗಬಹುದೇ?

"ಪೊಲೀಸರು ಉಸಿರು ಪರೀಕ್ಷಿಸುವ ಮಿಷನ್ ಹಿಡಿದು ಊದಿ ಅಂದಾಗ ಊದಲ್ಲ ಅನ್ನುವುದು ನನ್ನ ಮೂಲಭೂತ ಹಕ್ಕಲ್ಲವೇ?" ಅಂತ ಕೇಳಿದ್ದೀರಿ. ಇದೇ ಮಾತನ್ನು ನಾನು ಬೆಂಗಳೂರಿನ ಒಂದು ಫ್ಲೈಓವರ್ ಕೆಳಗೆ, ರಾತ್ರಿ ಹನ್ನೊಂದೂವರೆಗೆ, ಬ್ಯಾರಿಕೇಡ್ ಮುಂದೆ ನಿಂತು ಹೇಳಿದ್ದೆ. ಅದೂ ಇಂಗ್ಲಿಷಿನಲ್ಲಿ.

ಕುಡಿದದ್ದು ಒಂದೇ ಒಂದು 330 ಎಂಎಲ್ ಪಿಂಟ್, ಮೈಲ್ಡ್ ಬಿಯರ್, ಒಂಬತ್ತು ಗಂಟೆಗೆ. ಶೇ. 5ರ ಬಿಯರ್ ಅಷ್ಟು ಕುಡಿದರೆ ಒಳಗೆ ಹೋಗುವುದು ಸುಮಾರು 13 ಗ್ರಾಂ ಆಲ್ಕೋಹಾಲ್. 70 ಕೆಜಿ ತೂಕದ ಗಂಡಸಿಗೆ ಅದು ಹೆಚ್ಚೆಂದರೆ 100 ಎಂಎಲ್ ರಕ್ತದಲ್ಲಿ 27 ಮಿಲಿಗ್ರಾಂ. ಆಮೇಲೆ ಗಂಟೆಗೆ 15ರ ಆಸುಪಾಸು ಇಳಿಯುತ್ತದೆ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಹೇಳುವ ಮಿತಿ 30 ಮಿಲಿಗ್ರಾಂ. ಅಂದರೆ ಹನ್ನೊಂದೂವರೆಗೆ ನಾನು ಊದಿದ್ದರೆ ಮಿಷನ್ ಸೊನ್ನೆಯ ಹತ್ತಿರವೇ ತೋರಿಸುತ್ತಿತ್ತು. ಎರಡು ನಿಮಿಷದ ಕೆಲಸ. ನಾನು ಊದಲಿಲ್ಲ.

ಆ ತಪ್ಪನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸಮವಸ್ತ್ರದಲ್ಲಿರುವ ಪೊಲೀಸರಿಗೆ ನೀವು ಕುಡಿದಿದ್ದೀರಿ ಅನ್ನುವ ಸಕಾರಣ ಅನುಮಾನ ಬಂದರೆ 203ನೇ ಸೆಕ್ಷನ್ ಪ್ರಕಾರ ಊದಿಸಬಹುದು. ಊದಲ್ಲ ಅಂದರೆ ವಾರಂಟ್ ಇಲ್ಲದೆ ದಸ್ತಗಿರಿ ಮಾಡಬಹುದು. ಠಾಣೆಗೆ ಹೋದ ಮೇಲೂ ಇನ್ನೊಮ್ಮೆ ಊದುವ ಅವಕಾಶ ಕೊಡಬೇಕು ಅಂತ ಅದೇ ಸೆಕ್ಷನ್ ಹೇಳುತ್ತದೆ. ನನಗೂ ಕೊಟ್ಟರು. ಅಲ್ಲೂ ಬೇಡ ಅಂದೆ. ಆಸ್ಪತ್ರೆಯಲ್ಲಿ ರಕ್ತ ಕೊಡಿ ಅಂದರು, ಅದನ್ನೂ ಬೇಡ ಅಂದೆ. ಮೂರು ಸಲ ಬಾಗಿಲು ತೆರೆದರೂ ಮೂರು ಸಲವೂ ನಾನೇ ಮುಚ್ಚಿದೆ. ಕೊನೆಗೆ ಡಾಕ್ಟರ್ ಚೀಟಿಯಲ್ಲಿ ಬರೆದದ್ದು ಇಷ್ಟೇ: ಬಾಯಲ್ಲಿ ಮದ್ಯದ ವಾಸನೆ ಇದೆ, ಕಣ್ಣು ಕೆಂಪಾಗಿದೆ, ರಕ್ತ ಕೊಡಲು ನಿರಾಕರಿಸಿದ್ದಾರೆ. ಅಂಕಿಯೇ ಇಲ್ಲದಿದ್ದರೆ ಕೇಸೂ ಇಲ್ಲ ಅಂದುಕೊಂಡಿದ್ದೆ. ನನ್ನ ಪರ ಇದ್ದ ಒಂದೇ ಸಾಕ್ಷಿ ಆ ಅಂಕಿ ಅನ್ನುವುದು ಹೊಳೆಯಲೇ ಇಲ್ಲ.

ಏಕೆಂದರೆ 205ನೇ ಸೆಕ್ಷನ್ ಒಂದಿದೆ. ಸಕಾರಣವಿಲ್ಲದೆ ಉಸಿರನ್ನೋ ರಕ್ತವನ್ನೋ ಕೊಡದಿದ್ದರೆ, ಆ ನಿರಾಕರಣೆಯನ್ನೇ ಪ್ರಾಸಿಕ್ಯೂಷನ್ ಸಾಕ್ಷ್ಯಕ್ಕೆ ಬಲ ಕೊಡುವ ಸಂಗತಿ ಅಂತ ಕೋರ್ಟ್ ಭಾವಿಸಬಹುದು. ಆರೋಪಿಯಿಂದ ಅವನ ವಿರುದ್ಧವೇ ಬಲವಂತವಾಗಿ ಸಾಕ್ಷಿ ಹೇಳಿಸುವಂತಿಲ್ಲ ಅನ್ನುವ ಸಂವಿಧಾನದ 20(3)ನೇ ವಿಧಿ ಅಂತೀರಾ? ಬೆರಳಚ್ಚು, ಕೈಬರಹದ ಮಾದರಿ ಕೊಡುವುದು ತನ್ನ ವಿರುದ್ಧ ತಾನೇ ಸಾಕ್ಷಿ ಹೇಳಿದಂತಲ್ಲ ಅಂತ ಸುಪ್ರೀಂ ಕೋರ್ಟ್ 1961ರಲ್ಲೇ ಕಾಥಿ ಕಾಲು ಓಘಡ್ ಪ್ರಕರಣದಲ್ಲಿ ಹೇಳಿಯಾಗಿದೆ. ಬರೀ ವಾಸನೆ, ತೂರಾಟ ಸಾಲದು ಅನ್ನುವ 1971ರ ತೀರ್ಪೂ ಇದೆ, ನಿಜ. ನನ್ನ ವಕೀಲರು ಅದನ್ನೇ ಹಿಡಿದಿದ್ದರು. ಆದರೆ ಆರನೇ ವಾಯಿದೆಗೂ ರಜೆ ಹಾಕಿ ಕೋರ್ಟ್ ಕಾರಿಡಾರಿನಲ್ಲಿ ನಿಂತಾಗ ಸಾಕಾಗಿ, ತಪ್ಪೊಪ್ಪಿಕೊಂಡು 10,000 ಕಟ್ಟಿ ಬಂದೆ. ಮಾಡದ ತಪ್ಪಿಗೆ.

ಹಾಗಾಗಿ ನಿಮ್ಮ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಊದಿ, ಆದರೆ ಕಣ್ಣು ಬಿಟ್ಟುಕೊಂಡು ಊದಿ. ಕೊಳವೆ ನಿಮ್ಮೆದುರೇ ಹೊಸ ಪ್ಯಾಕೆಟ್ಟಿನಿಂದ ಬರಲಿ. ಊದುವ ಮೊದಲು ಪರದೆಯಲ್ಲಿ ಸೊನ್ನೆ ಇದೆಯಾ ನೋಡಿ. ಆಗಷ್ಟೇ ಮೌತ್‌ವಾಶ್ ಹಾಕಿದ್ದರೆ, ತೇಗು ಬಂದಿದ್ದರೆ ಹೇಳಿ ಹದಿನೈದು ನಿಮಿಷ ಕೇಳಿ. ಬಾಯಲ್ಲೇ ಉಳಿದ ಆಲ್ಕೋಹಾಲ್ ಅಂಕಿಯನ್ನು ಸುಳ್ಳುಸುಳ್ಳೇ ಏರಿಸುತ್ತದೆ. ಪ್ರಿಂಟ್ ಬಂದ ಚೀಟಿಯಲ್ಲಿ ದಿನಾಂಕ, ಸಮಯ, ಮಿಷನ್ ನಂಬರ್, ಅಂಕಿ ಓದಿಕೊಂಡೇ ಸಹಿ ಹಾಕಿ, ಒಂದು ಫೋಟೊ ತೆಗೆದುಕೊಳ್ಳಿ. ಅಂಕಿ ಒಪ್ಪಿಗೆಯಾಗದಿದ್ದರೆ ರಕ್ತ ಪರೀಕ್ಷೆ ಮಾಡಿಸಿ ಅಂತ ನೀವೇ ಕೇಳಿ, ಬೇಗ ಕೇಳಿ.

ದಸ್ತಗಿರಿ ಆದರೆ ಎರಡು ಗಂಟೆಯೊಳಗೆ ವೈದ್ಯರ ಮುಂದೆ ಹಾಜರುಪಡಿಸಬೇಕು, ಇಲ್ಲದಿದ್ದರೆ ಬಿಡಬೇಕು. ಇದು 202ನೇ ಸೆಕ್ಷನ್. ದಸ್ತಗಿರಿಯ ಸಮಯ ಬರೆದಿಟ್ಟುಕೊಳ್ಳಿ ಅನ್ನುವುದು ಇದಕ್ಕೇ. ಇದು ಜಾಮೀನು ಕೊಡಬಹುದಾದ ಅಪರಾಧ, ಠಾಣೆಯಲ್ಲೇ ಜಾಮೀನು ಕೇಳುವುದು ನಿಮ್ಮ ಹಕ್ಕು. ಮನೆಯವರಿಗೆ ತಿಳಿಸುವುದು, ವಕೀಲರನ್ನು ಕಾಣುವುದೂ ಹಾಗೆಯೇ. ಕುಡಿಯದ ಒಬ್ಬರನ್ನು ಲೈಸೆನ್ಸ್ ಸಮೇತ ಕರೆಸಿಕೊಳ್ಳಿ, ಗಾಡಿ ಒಯ್ಯಲು ಬೇಕಾಗುತ್ತಾರೆ.

ಸ್ಥಳದಲ್ಲೇ ದಂಡ ಕಟ್ಟಿ ಮುಗಿಸಿ ಅಂತ ಯಾರಾದರೂ ಅಂದರೆ ನಂಬಬೇಡಿ. 185 ರಾಜಿಯಾಗುವ ಅಪರಾಧವಲ್ಲ, ದಂಡ ಹಾಕುವುದು ಕೋರ್ಟ್ ಮಾತ್ರ. ಮೊದಲ ಸಲ 10,000 ರೂಪಾಯಿ ಅಥವಾ ಆರು ತಿಂಗಳವರೆಗೆ ಜೈಲು ಅಥವಾ ಎರಡೂ. ಎರಡನೇ ಸಲ 15,000 ಅಥವಾ ಎರಡು ವರ್ಷದವರೆಗೆ ಜೈಲು ಅಥವಾ ಎರಡೂ. ಲೈಸೆನ್ಸ್ ಆರ್‌ಟಿಒಗೆ ಹೋಗುತ್ತದೆ, ಸಾಮಾನ್ಯವಾಗಿ ಕನಿಷ್ಠ ಮೂರು ತಿಂಗಳು ಅಮಾನತು. ಆ ಅವಧಿಯಲ್ಲಿ ಹಾಲು ತರಲು ಸ್ಕೂಟಿ ಓಡಿಸಿ ಸಿಕ್ಕಿಬಿದ್ದರೂ ಮತ್ತೆ 10,000 ಅಥವಾ ಮೂರು ತಿಂಗಳವರೆಗೆ ಜೈಲು.

ಇಷ್ಟೆಲ್ಲ ಓದಿ "ಒಂದು ಪಿಂಟ್ ಪರವಾಗಿಲ್ಲ ಹಾಗಾದರೆ" ಅಂದುಕೊಂಡಿರಾದರೆ, 60 ಎಂಎಲ್‌ನ ಒಂದೇ ಲಾರ್ಜ್ ವಿಸ್ಕಿಯಲ್ಲಿ ಸುಮಾರು 20 ಗ್ರಾಂ ಇರುತ್ತದೆ, 70 ಕೆಜಿಯವರನ್ನೂ 40ರ ಹತ್ತಿರ ಒಯ್ಯುತ್ತದೆ. ರಾತ್ರಿ ಒಂದರವರೆಗೆ ಕ್ವಾರ್ಟರ್ ಮುಗಿಸಿ ಮಲಗಿದವರು ಬೆಳಿಗ್ಗೆ ಐದಕ್ಕೆ ಏರ್‌ಪೋರ್ಟ್ ರಸ್ತೆಯಲ್ಲಿ ಊದಿದರೂ 30 ದಾಟಬಹುದು. ನಿಂಬೆಹಣ್ಣು, ಸ್ಟ್ರಾಂಗ್ ಕಾಫಿಗೆ ಇಳಿಯುವ ಅಂಕಿ ಅದಲ್ಲ.