ಪೋಲೆಂಡಿನ ಇಜಾಬೆಲಾ ಲುಬೊಮಿರ್ಸ್ಕಾ ಮನೆಯವರ ಚಿತ್ರಗಳಲ್ಲಿ ಯಾವುದನ್ನು ನೋಡಬೇಕು?

ಇಜಾಬೆಲಾ (1736–1816) ಪೋಲೆಂಡಿನ ಚಾರ್ತೊರಿಸ್ಕಿ ಎಂಬ ಶ್ರೀಮಂತ ಮನೆತನದ ಮಗಳು. ಆಕೆಗೆ ನೀಲಿ ಬಣ್ಣ ಅಂದ್ರೆ ಪ್ರಾಣ. ಅದಕ್ಕೇ ಜನ ಆಕೆಯನ್ನು 'ನೀಲಿ ಮಾರ್ಕೀಸ್' (ಮಾರ್ಕೀಸ್ ಅಂದ್ರೆ ಕುಲೀನ ಮಹಿಳೆಯ ಬಿರುದು) ಎಂದು ಕರೆದರು.

ನನ್ನನ್ನು ಕೇಳಿದರೆ, ಮೊದಲು ಅಳಿಯ ಸ್ತಾನಿಸ್ವಾಫ್ ಪೊತೋತ್ಸ್ಕಿಯ ಚಿತ್ರ ನೋಡಿ. 1781ರಲ್ಲಿ ಫ್ರಾನ್ಸಿನ ಚಿತ್ರಕಾರ ಜಾಕ್ ಲೂಯಿ ದವೀದ್ ಬರೆದದ್ದು, ವಾರ್ಸಾದ ವಿಲಾನುಫ್ ಅರಮನೆಯಲ್ಲಿದೆ. ಕುದುರೆ ತಲೆ ಬಗ್ಗಿಸಿದೆ. ಸವಾರ ಹ್ಯಾಟ್ ತೆಗೆದು ನಮ್ಮ ಕಡೆಗೇ ಚಾಚಿದ್ದಾನೆ. ಕೆಳಗೆ ಮೂಲೆಯಲ್ಲಿ ನಾಯಿಯೊಂದು ಬೊಗಳುತ್ತಿದೆ. ಆ ನಾಯಿಯಿಂದಲೇ ಚಿತ್ರಕ್ಕೆ ಜೀವ ಬಂದಿದೆ ಅನಿಸುತ್ತದೆ, ಅಲ್ವಾ?

ಇಜಾಬೆಲಾ ಸಾಕಿದ ಹುಡುಗ ಹೆನ್ರಿಕ್ ಲುಬೊಮಿರ್ಸ್ಕಿ. ಫ್ರಾನ್ಸಿನ ಕಲಾವಿದೆ ವಿಜೆ ಲೆ ಬ್ರೂನ್ 1789ರಲ್ಲಿ ಅವನಿಗೆ ರೆಕ್ಕೆ ಕೊಟ್ಟು, ಕೀರ್ತಿಯ ದೇವತೆಯಾಗಿ ಬರೆದಳು. ಅದು ಬರ್ಲಿನ್‌ನಲ್ಲಿದೆ. ಇಟಲಿಯ ಶಿಲ್ಪಿ ಕನೋವಾ ಅವನನ್ನೇ ಮನ್ಮಥನಾಗಿ ಅಮೃತಶಿಲೆಯಲ್ಲಿ ಕಡೆದ. ಆ ಶಿಲ್ಪ ಇಜಾಬೆಲಾಳ ವಾಂತ್ಸುತ್ ಕೋಟೆಮನೆಯಲ್ಲಿದೆ.