ಮೆಣಸು ಹಾಳಾಗುತ್ತೆ, ಓದು ಹಾಳಾಗಲ್ಲ

(ಊರು, ವಯಸ್ಸು, ಮನೆಯ ಕೆಲವು ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ಆಕೆಯ ಒಪ್ಪಿಗೆ ಇದೆ.)

ಏಪ್ರಿಲ್ ಮೊದಲ ವಾರ. ಸೋಮವಾರಪೇಟೆ ಕಡೆಯಿಂದ ಬಸ್ಸು ಹತ್ತಿ, ಸಲಹೆ ಕೇಳಲು ಮಡಿಕೇರಿಗೆ ನನ್ನ ಹತ್ತಿರ ಬಂದಿದ್ದಳು. ವಯಸ್ಸು 24. ಕೂತ ತಕ್ಷಣ ಬ್ಯಾಗಿನಿಂದ ಒಂದು ಹಾಳೆ ತೆಗೆದು ಮೇಜಿನ ಮೇಲಿಟ್ಟಳು. ಎರಡೂ ಮಗ್ಗುಲಲ್ಲಿ ಪುಸ್ತಕಗಳ ಹೆಸರು. ಶಿಸ್ತು ಕಲಿಸುವವು, ಮನಸ್ಸು ಗಟ್ಟಿ ಮಾಡುವವು, ಸ್ವಂತ ಕಾಲ ಮೇಲೆ ನಿಲ್ಲಿಸುವವು. ಒಟ್ಟು 17. ಏಳರ ಪಕ್ಕ ಟಿಕ್ ಇತ್ತು.

"ಏಳು ಓದಿ ಮುಗಿಸಿದೀನಿ ಮೇಡಂ. ನಾನೇನೂ ಬದಲಾಗಿಲ್ಲ. ಉಳಿದ ಹತ್ತರಲ್ಲಿ ಯಾವುದು ಸರಿ ಅಂತ ಹೇಳಿಬಿಡಿ."

ಕಥೆ ಹೀಗಿತ್ತು. ಹಿಂದಿನ ಮಳೆಗಾಲದಲ್ಲಿ ಅಪ್ಪ ತೀರಿಕೊಂಡಿದ್ದರು. ನಾಲ್ಕು ಎಕರೆ ಕಾಫಿ ತೋಟ, ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿ. ಲೆಕ್ಕಪತ್ರವನ್ನೆಲ್ಲ ತಾಯಿಯ ತಮ್ಮ ನೋಡಿಕೊಳ್ಳುತ್ತಿದ್ದರು. ಇವಳು ಬ್ಯಾಂಕ್ ಪರೀಕ್ಷೆ ಮೂರು ಸಲ ಬರೆದು ಮೂರೂ ಸಲ ಫೇಲ್. ಬೆಳಿಗ್ಗೆ ಐದಕ್ಕೆ ಅಲಾರಂ ಇಡುತ್ತಾಳೆ, ಆರಿಸಿ ಮಲಗುತ್ತಾಳೆ, ಏಳಕ್ಕೆ ಎದ್ದು ತನ್ನನ್ನೇ ಬೈದುಕೊಳ್ಳುತ್ತಾಳೆ. ಒಂದು ಜೊತೆ ಚಪ್ಪಲಿ ಬೇಕಾದರೂ ಮಾವನ ಹತ್ತಿರ ಕೇಳಬೇಕು.

ಪುಸ್ತಕದ ಮಾತು ಎತ್ತುವ ಮೊದಲು ಬೇರೆ ಪ್ರಶ್ನೆ ಕೇಳಿದೆ. ನಿದ್ದೆ ಬರುತ್ತಾ? ಊಟ ಸೇರುತ್ತಾ? ಸಾಯಬೇಕು ಅನ್ನಿಸುತ್ತಾ? ಎರಡು ವಾರಕ್ಕಿಂತ ಜಾಸ್ತಿ ದಿನ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಊಟ ಕೆಟ್ಟಿದೆ ಅಂದರೆ ಅದು ಶಿಸ್ತಿನ ಸಮಸ್ಯೆ ಅಲ್ಲ. ಅಂಥವರಿಗೆ "ಐದಕ್ಕೆ ಏಳು, ಗೆಲ್ಲು" ಅನ್ನೋ ಪುಸ್ತಕ ಕೊಟ್ಟರೆ ಗಾಯಕ್ಕೆ ಉಪ್ಪು ಸವರಿದ ಹಾಗೆ. ಅವರನ್ನು ವೈದ್ಯರ ಹತ್ತಿರ ಕಳಿಸುತ್ತೇನೆ. ದೂರ ಇರುವವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ಸಂಖ್ಯೆ 14416 ಕೊಡುತ್ತೇನೆ. ಈಕೆಗೆ ದುಃಖ ಇತ್ತು, ಆದರೆ ಊಟ ನಿದ್ದೆ ನೆಟ್ಟಗಿತ್ತು.

"ಈ ಸಲದ ಮೆಣಸು ಒಣಗಿಸಿದ್ದು ಯಾರು?" ಅಂತ ಕೇಳಿದೆ.

"ನಾನೇ."

ಅಲ್ಲಿಂದ ಅವಳ ದನಿಯೇ ಬದಲಾಯಿತು. ಬಿಸಿಲು ಏರುವ ಮೊದಲೇ ಟಾರ್ಪಲ್ ಹಾಸಬೇಕು. ಮೆಣಸು ಹರವಬೇಕು, ನಡುನಡುವೆ ಕಾಲಲ್ಲಿ ಗೀರಿ ತಿರುವಬೇಕು. ಸಂಜೆ ಇಬ್ಬನಿ ಬೀಳುವ ಮೊದಲು ಬಾಚಿ ಒಳಗೆ ಹಾಕಬೇಕು. ಮುಷ್ಟಿಯಲ್ಲಿ ಹಿಡಿದು ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಆಗಲೇ ಚೀಲಕ್ಕೆ. ಒಂದು ಮಧ್ಯಾಹ್ನ ಮೋಡ ಕವಿದಾಗ ಊಟದ ತಟ್ಟೆ ಬಿಟ್ಟು ಓಡಿದ್ದಳಂತೆ. ಮಾರ್ಚ್ ಪೂರ್ತಿ ಒಂದು ದಿನವೂ ತಪ್ಪಿಸಿಲ್ಲ.

"ಹಾಗಿದ್ರೆ ಶಿಸ್ತು ಇಲ್ಲ ಅಂತ ಯಾಕೆ ಹೇಳ್ತೀಯಾ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಮೆಣಸು ಹಾಳಾಗುತ್ತೆ ಮೇಡಂ. ಓದು ಹಾಳಾಗಲ್ಲ ಅಲ್ವಾ."

ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ನೇರವಾಗಿ ಹೇಳಿದವರು ಕಡಿಮೆ. ಒಂದು ಕೆಲಸ ಇವತ್ತು ಬಿಟ್ಟರೆ ಇವತ್ತೇ ಕಣ್ಣಿಗೆ ಕಾಣುವ ನಷ್ಟ ಆಗಬೇಕು, ಆಗ ಅವಳು ಏಳುತ್ತಾಳೆ. ಮುಂದಿನ ಸಲಹೆಯನ್ನೆಲ್ಲ ಆ ಮಾತಿನ ಮೇಲೇ ಕಟ್ಟಿದೆ.

ಪಟ್ಟಿಯನ್ನು ಮಡಚಿ ಅವಳಿಗೇ ವಾಪಸ್ ಕೊಟ್ಟೆ. ಹೊಸ ಪುಸ್ತಕ ಬೇಡ ಅಂದೆ. ಓದಿದ ಏಳರಲ್ಲಿ ಜೇಮ್ಸ್ ಕ್ಲಿಯರ್ ಅವರ 'ಅಟಾಮಿಕ್ ಹ್ಯಾಬಿಟ್ಸ್' ಇತ್ತು, 2018ರದ್ದು. ಅದರಲ್ಲಿ ಎರಡು ನಿಮಿಷದ ಸೂತ್ರ ಇದೆ. ಹೊಸ ಅಭ್ಯಾಸದ ಮೊದಲ ಹೆಜ್ಜೆ ಎರಡು ನಿಮಿಷದಲ್ಲಿ ಮುಗಿಯುವಷ್ಟು ಸಣ್ಣದಿರಲಿ ಅಂತ. ಓದಿದ್ದಳು, ಅಡಿಗೆರೆಯನ್ನೂ ಎಳೆದಿದ್ದಳು. ಮಾಡಿ ಮಾತ್ರ ನೋಡಿರಲಿಲ್ಲ. ಈ ಜಾತಿಯ ಪುಸ್ತಕಗಳಲ್ಲಿ ಇದೇ ತೊಂದರೆ. ಓದುವಾಗಲೇ ಏನೋ ಸಾಧಿಸಿದ ಖುಷಿ ಸಿಕ್ಕಿಬಿಡುತ್ತೆ.

ಐದರ ಅಲಾರಂ ತೆಗೆಸಿದೆ. ಬೆಳಗಿನ ಕಾಫಿ ಲೋಟ ಕೆಳಗಿಟ್ಟ ಮೇಲೆ ಅಲ್ಲೇ ಕೂತು ಎರಡೇ ಲೆಕ್ಕ ಬಿಡಿಸಬೇಕು. ಬಿಡಿಸಿದ ಹಾಳೆಯ ಫೋಟೋವನ್ನು ಒಂಬತ್ತರೊಳಗೆ ಪರೀಕ್ಷೆಗೆ ಓದುತ್ತಿರುವ ಗೆಳತಿಗೆ ಕಳಿಸಬೇಕು. ತಪ್ಪಿದರೆ ಗೆಳತಿಗೆ 20 ರೂಪಾಯಿ. ನಗು ಬರುವಂಥ ಏರ್ಪಾಡು, ನಿಜ. ಆದರೆ ಒಂಬತ್ತು ಗಂಟೆ ಅವಳಿಗೆ ಮೋಡದ ಹಾಗೆ ಕಾಣಬೇಕಿತ್ತು.

ಎರಡು ವಾರ ಬಿಟ್ಟು ಬಂದಳು. 60 ರೂಪಾಯಿ ಹೋಗಿತ್ತು. ಸಂತೋಷವಾಯಿತು ನನಗೆ, ಅಂದರೆ ಹನ್ನೊಂದು ದಿನ ಕೂತಿದ್ದಾಳೆ.

ಆಗ ಪುಸ್ತಕದ ಮಾತಿಗೆ ಬಂದೆ. ಮೊದಲು ಹೇಳಿದ್ದು ಎಚ್. ನರಸಿಂಹಯ್ಯನವರ ಆತ್ಮಕಥೆ 'ಹೋರಾಟದ ಹಾದಿ'. ಬಡ ಮನೆಯ ಹುಡುಗ, ಓದುವುದಕ್ಕೆ ಅಂತ 1935ರಲ್ಲಿ ಗೌರಿಬಿದನೂರು ಕಡೆಯ ಹೊಸೂರಿನಿಂದ ಬೆಂಗಳೂರಿಗೆ ನಡೆದೇ ಹೋದವರು. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದರೂ ಹಾಸ್ಟೆಲ್ ಕೋಣೆಯ ಸರಳ ಬದುಕನ್ನು ಬಿಡಲಿಲ್ಲ. ಅಲ್ಲಿ ಉಪದೇಶ ಕಡಿಮೆ, ಬದುಕಿದ ರೀತಿ ಜಾಸ್ತಿ. ನಮ್ಮ ಭಾಷೆಯಲ್ಲೇ ಇಂಥದ್ದು ಇರುವಾಗ ಶಿಸ್ತನ್ನು ಹತ್ತು ಸೂತ್ರ ಮಾಡಿ ಮಾರುವ ಪುಸ್ತಕ ಯಾಕೆ ಅನ್ನೋದು ನನ್ನ ಹಟ, ಇರಲಿ.

ಮಾರ್ಕಸ್ ಅರೇಲಿಯಸ್‌ನ 'ಮೆಡಿಟೇಷನ್ಸ್' ಅವಳ ಪಟ್ಟಿಯಲ್ಲೇ ಇತ್ತು. ಪೂರ್ತಿ ಬೇಡ, ಐದನೇ ಭಾಗದ ಮೊದಲ ಪುಟ ಮಾತ್ರ ಓದು ಅಂದೆ. ಸುಮಾರು 1,800 ವರ್ಷದ ಹಿಂದಿನ ರೋಮ್ ಚಕ್ರವರ್ತಿ, ಬೆಳಿಗ್ಗೆ ಹಾಸಿಗೆ ಬಿಟ್ಟು ಏಳುವುದಕ್ಕೆ ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾನೆ. ಇರುವೆ, ಜೇನುಹುಳ ತಮ್ಮ ಕೆಲಸ ಮಾಡ್ತಿಲ್ವಾ, ನಿನಗೇನು ಅಂತ. ಅದನ್ನು ಓದಿ ಜೋರಾಗಿ ನಕ್ಕಳು. "ಚಕ್ರವರ್ತಿಗೂ ಇದೇ ಗೋಳಾ?"

ವಿಕ್ಟರ್ ಫ್ರಾಂಕಲ್ ಅವರ 'ಮ್ಯಾನ್ಸ್ ಸರ್ಚ್ ಫಾರ್ ಮೀನಿಂಗ್' ಪುಸ್ತಕವನ್ನು ಬೇಕೆಂದೇ ಮುಂದಕ್ಕೆ ಹಾಕಿದೆ. ನಾಜಿ ಶಿಬಿರದಲ್ಲಿ ಬದುಕುಳಿದ ಮನೋವೈದ್ಯ, ಅಪ್ಪ, ಅಮ್ಮ, ಅಣ್ಣ, ಹೆಂಡತಿ ಎಲ್ಲರನ್ನೂ ಕಳೆದುಕೊಂಡು 1946ರಲ್ಲಿ ಪ್ರಕಟಿಸಿದ್ದು. ದೊಡ್ಡ ಪುಸ್ತಕವೇ. ಆದರೆ ಅಪ್ಪನ ವರ್ಷಾಂತಿಕಕ್ಕೆ ಮೊದಲು ಓದಿದರೆ "ಅವರಿಗಿಂತ ನನ್ನದೇನು ಕಷ್ಟ" ಅಂತ ತನ್ನ ಅಳುವನ್ನೇ ನುಂಗಿಕೊಳ್ಳುತ್ತಾಳೆ ಅನ್ನಿಸಿತು.

ಸ್ವಾತಂತ್ರ್ಯದ ವಿಷಯಕ್ಕೆ ಪುಸ್ತಕ ಸೂಚಿಸಲಿಲ್ಲ. ಮೆಣಸಿನ ಲೆಕ್ಕ ಕೇಳು ಅಂದೆ. ತೋಟ ಪೂರ್ತಿ ಅಲ್ಲ, ಕಾಫಿ ಅಲ್ಲ, ತಾನು ಒಣಗಿಸಿದ ಮೆಣಸಿನದ್ದು ಮಾತ್ರ. ಮಾವ ಕೆಟ್ಟವರಲ್ಲ, ಅಕ್ಕನ ಮನೆ ಭಾರ ಹೊತ್ತವರು. ಜಗಳಕ್ಕೆ ನಿಂತರೆ ಇಬ್ಬರೂ ಸೋಲುತ್ತಾರೆ. ಇಲ್ಲೇ ಕುರ್ಚಿಯಲ್ಲಿ ನನ್ನನ್ನು ಮಾವ ಮಾಡಿಕೊಂಡು ಮೂರು ಸಲ ಹೇಳಿ ನೋಡಿದಳು. ಮೊದಲ ಎರಡು ಸಲ ಅತ್ತಳು. ಮೂರನೇ ಸಲ ಬಂದ ಮಾತು: "ಮಾವ, ಮುಂದಿನ ವರ್ಷದಿಂದ ಮೆಣಸು ನಾನೇ ಮಾರ್ತೀನಿ. ನೀವು ಜೊತೆಗೆ ಬನ್ನಿ, ರೇಟು ನಾನು ಮಾತಾಡ್ತೀನಿ."

ಜುಲೈನಲ್ಲಿ ಮತ್ತೆ ಬಂದಳು, ಕೊಡೆಯಿಂದ ನೀರು ಸುರಿಯುತ್ತಿತ್ತು. ಮೂರು ದಿನದಿಂದ ಕರೆಂಟ್ ಇಲ್ಲ, ಫೋನ್ ಸತ್ತಿದೆ, ಗೆಳತಿಗೆ ಫೋಟೋ ಹೋಗಿಲ್ಲ. ಲೆಕ್ಕದ ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತಂದಿದ್ದಳು. 'ಹೋರಾಟದ ಹಾದಿ' ಅರ್ಧ ಆಗಿತ್ತು, ನಡುವೆ ಶಕ್ತಿ ಯೋಜನೆಯ ಸೊನ್ನೆ ರೂಪಾಯಿ ಟಿಕೆಟ್ ಸಿಕ್ಕಿಸಿದ್ದಳು. ಪರೀಕ್ಷೆ ಇನ್ನೂ ಬರೆದಿಲ್ಲ. ಮಾವ ಮೆಣಸಿನ ಬಗ್ಗೆ "ನೋಡೋಣ" ಅಂದಿದ್ದಾರಂತೆ.

"ನೋಡೋಣ ಅಂದ್ರೆ ಏನು ಮೇಡಂ?"

"ಬ್ಯಾಂಕಿಗೆ ಹೋಗಿ ನಿನ್ನ ಹೆಸರಲ್ಲಿ ಖಾತೆ ಮಾಡಿಸು, ಆಮೇಲೆ ಇನ್ನೊಂದ್ಸಲ ಕೇಳು" ಅಂದೆ. ಬೇಕಾದ ಕಾಗದಗಳ ಹೆಸರನ್ನು ಆ ಹಳೇ ಪುಸ್ತಕಪಟ್ಟಿಯ ಅಂಚಿನಲ್ಲೇ ಬರೆದುಕೊಂಡಳು.